ಇಂಗ್ಲಿಷ್ ಪಠ್ಯಕ್ಕೆ ಸರಿ, ಕನ್ನಡ ಕೊಟ್ಟರೆ ಕ್ರ್ಯಾಶ್: ಸಿ ಮಾಡ್ಯೂಲ್‌ಗೆ ಡೀಬಗ್ ಬಿಲ್ಡ್ ಬೇಕಾ?

ಗಂಜ್_ಹುಡುಗ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಗಂಜ್‌ನಲ್ಲಿ (ಧಾನ್ಯದ ಮಾರುಕಟ್ಟೆ) ಒಂದು ಅಡತ್ (ದಲ್ಲಾಳಿ) ಅಂಗಡಿಯ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಪೈಥಾನ್‌ನಲ್ಲಿದೆ. ತೊಗರಿ ಬರುವ ಹೊತ್ತಿಗೆ ನಮ್ಮ ತಲೆನೋವು ಊರ ಹೆಸರುಗಳದ್ದು. ಒಬ್ಬರು ಚಿತ್ತಾಪುರ ಅಂತ ಬರೆಯುತ್ತಾರೆ, ಇನ್ನೊಬ್ಬರು ಚಿತಾಪುರ, ಮತ್ತೊಬ್ಬರು ಚಿತ್ತಾಪೂರ. ಅಫಜಲಪುರ, ಅಫ್ಜಲಪುರ, ಅಫಝಲಪೂರ ಎಲ್ಲ ಒಂದೇ ಊರು. ಹೆಸರನ್ನು ಅಕ್ಷರ ಅಕ್ಷರವಾಗಿ ಒಡೆದು ಹೋಲಿಸಿ, ಹತ್ತಿರದ ಊರು ಯಾವುದು ಅಂತ ಹೇಳುವ ಕೆಲಸ. ಚಿತ್ತಾಪುರ ಕಂಪ್ಯೂಟರಿಗೆ ಒಂಬತ್ತು ಯೂನಿಕೋಡ್ ಸಂಕೇತ, ನಮಗೆ ನಾಲ್ಕೇ ಅಕ್ಷರ: ಚಿ, ತ್ತಾ, ಪು, ರ.

ಹಳೇ ಪಟ್ಟಿ ಪೂರ್ತಿ ಓಡಿಸಿದರೆ ಪೈಥಾನ್ ನಿಧಾನ. ಅದಕ್ಕೆ ಈ ಭಾಗವನ್ನು ಮೊದಲು ಇದ್ದವರು ಸಿ ಭಾಷೆಯಲ್ಲಿ ಮಾಡ್ಯೂಲ್ ಮಾಡಿ ಹೋಗಿದ್ದಾರೆ. ಈಗ ಅದು ನನ್ನ ಪಾಲಿಗೆ ಬಂದಿದೆ.

ಸಮಸ್ಯೆ ಏನಂದರೆ, ಇಂಗ್ಲಿಷ್ ಹೆಸರು ಎಷ್ಟು ಕೊಟ್ಟರೂ ಸರಿಯಾಗಿ ಓಡುತ್ತದೆ. ಟೆಸ್ಟ್ ಎಲ್ಲ ಪಾಸ್. ಕನ್ನಡ ಕೊಟ್ಟರೆ ಒಮ್ಮೆ ಸರಿ ಬರುತ್ತದೆ, ಒಮ್ಮೆ ಒಂದೇ ಅಕ್ಷರ ಎರಡು ಮೂರು ಜಾಗದಲ್ಲಿ ಬರುತ್ತದೆ, ಒಮ್ಮೆ ನೇರ ಸೆಗ್ಮೆಂಟೇಶನ್ ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿ ಪ್ರೋಗ್ರಾಂ ಸಾಯುವುದು). ಅದೂ ಮಾಡ್ಯೂಲ್ ಒಳಗೆ ಅಲ್ಲ, ಎಷ್ಟೋ ಹೊತ್ತಿನ ಮೇಲೆ ಬೇರೆಲ್ಲೋ. ಉಬುಂಟು 24.04, ಪೈಥಾನ್ 3.12. ಯಾರೋ ಡೀಬಗ್ ಬಿಲ್ಡ್ (ತಪ್ಪು ಹುಡುಕಲೆಂದೇ ಕಟ್ಟಿದ ರೂಪ) ಹಾಕು ಅಂದರು. ನಾನು ಕಂಪೈಲ್ ಮಾಡುವಾಗ ಹೈಫನ್ ಜಿ (-g) ಕೊಟ್ಟೇ ಇದ್ದೇನೆ. ಅದೇ ಅಲ್ವಾ ಡೀಬಗ್ ಬಿಲ್ಡ್ ಅಂದರೆ?

ಸೇಡಂ_ಶೆಲ್

ಅಷ್ಟೆಲ್ಲ ಯಾಕೆ ತಮ್ಮಾ, ನಾಲ್ಕು ಕಡೆ ಪ್ರಿಂಟ್‌ಎಫ್ ಹಾಕು. ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಾಗುತ್ತದೆ. ನಾವೆಲ್ಲ ಹಾಗೇ ಮಾಡಿದ್ದು.

ಗಂಜ್_ಹುಡುಗ

ಹಾಕಿದೆ ಅಣ್ಣಾ. ಪ್ರಿಂಟ್ ಹಾಕಿದ ತಕ್ಷಣ ಕ್ರ್ಯಾಶ್ ಮಾಯ. ತೆಗೆದರೆ ಮತ್ತೆ ಹಾಜರ್.

ಹಳೇ_ಟರ್ಮಿನಲ್

ಪ್ರಿಂಟ್ ಹಾಕಿದರೆ ಮಾಯ ಆಗುತ್ತದೆ ಅಂದರೆ ಇದು ಮೆಮೊರಿ ಗಲಾಟೆಯೇ. ಪ್ರಿಂಟ್ ಕೂಡ ಮೆಮೊರಿ ತೆಗೆದುಕೊಳ್ಳುತ್ತದೆ, ಜೋಡಣೆ ಬದಲಾಗುತ್ತದೆ, ರೋಗ ಪಕ್ಕಕ್ಕೆ ಸರಿಯುತ್ತದೆ ಅಷ್ಟೇ. ಸೇಡಂನವರ ಮದ್ದು ಈ ಕಾಯಿಲೆಗೆ ನಾಟುವುದಿಲ್ಲ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೈಫನ್ ಜಿ ಕೊಟ್ಟರೆ ಡೀಬಗ್ ಬಿಲ್ಡ್ ಆಗುವುದಿಲ್ಲ. ಇಲ್ಲಿ ಒಂದಕ್ಕೊಂದು ಸಂಬಂಧ ಇಲ್ಲದ ಮೂರು ಸ್ವಿಚ್ ಇವೆ. ಎಲ್ಲರೂ ಮೂರನ್ನೂ ಕಲಸಿ ಮಾತಾಡುತ್ತಾರೆ, ಗೊಂದಲ ಶುರುವಾಗುವುದೇ ಅಲ್ಲಿ.

ಹೈಫನ್ ಜಿ ಅಂದರೆ ಸಾಲಿನ ನಂಬರ್, ವೇರಿಯಬಲ್ ಹೆಸರು ಇವನ್ನು ಫೈಲ್ ಒಳಗೆ ಇಡು ಅಂತ. ಜಿಡಿಬಿ ಅನ್ನುವ ಡೀಬಗರ್‌ಗೆ ಅನುಕೂಲ. ತಪ್ಪನ್ನು ಅದು ಹುಡುಕುವುದಿಲ್ಲ. ಜೊತೆಗೆ ಹೈಫನ್ ಓ2 (ವೇಗಕ್ಕಾಗಿ ಕೋಡ್ ಮಾರ್ಪಡಿಸುವ ಆಯ್ಕೆ) ಇದ್ದರೆ ಜಿಡಿಬಿಯಲ್ಲೂ ಅರ್ಧ ವೇರಿಯಬಲ್‌ಗಳ ಮುಂದೆ "ಆಪ್ಟಿಮೈಸ್ಡ್ ಔಟ್" ಅಂತಲೇ ಬರುತ್ತದೆ.

ಎರಡನೆಯದು ಎನ್‌ಡೀಬಗ್ ಅನ್ನುವ ಮ್ಯಾಕ್ರೊ. ಇದು ಇದ್ದರೆ ಸಿ ಕೋಡ್‌ನ ಅಸರ್ಟ್‌ಗಳೆಲ್ಲ (ಷರತ್ತು ಸುಳ್ಳಾದರೆ ಪ್ರೋಗ್ರಾಂ ನಿಲ್ಲಿಸುವ ತಪಾಸಣೆಗಳು) ಆವಿ. ಸಾಮಾನ್ಯ ಪೈಥಾನ್‌ನಿಂದ ಮಾಡ್ಯೂಲ್ ಕಂಪೈಲ್ ಮಾಡಿದರೆ, ಪೈಥಾನ್ ತನ್ನ ಸೆಟ್ಟಿಂಗ್‌ನಿಂದ ಈ ಮ್ಯಾಕ್ರೊವನ್ನು ತಾನೇ ಸೇರಿಸುತ್ತದೆ. ನೀವು ಕೇಳಿಲ್ಲ, ಅದು ಹೇಳಿಯೂ ಇಲ್ಲ. ಕಂಪೈಲ್ ಆಗುವಾಗ ಓಡುವ ಉದ್ದ ಸಾಲು ನೋಡಿ, ಸಿಗುತ್ತದೆ.

ಮೂರನೆಯದು ಪೈ_ಡೀಬಗ್. ಇದು ಇಂಟರ್‌ಪ್ರಿಟರ್ (ಪೈಥಾನ್ ಕೋಡ್ ಓಡಿಸುವ ಪ್ರೋಗ್ರಾಂ) ಕಡೆಯದು. ಪೈಥಾನನ್ನೇ ವಿತ್-ಪೈಡೀಬಗ್ ಅಂತ ಕಾನ್ಫಿಗರ್ ಮಾಡಿ ಕಟ್ಟಿದರೆ ಬರುತ್ತದೆ. ಆಗ ಪೈಥಾನ್ ಒಳಗಿನ ಅಸರ್ಟ್‌ಗಳು ಎದ್ದೇಳುತ್ತವೆ, ಒಟ್ಟು ರೆಫರೆನ್ಸ್ ಎಣಿಕೆ (ಆಬ್ಜೆಕ್ಟ್‌ಗಳನ್ನು ಎಷ್ಟು ಕಡೆ ಹಿಡಿದುಕೊಂಡಿದ್ದಾರೆ ಅನ್ನುವ ಲೆಕ್ಕ) ಇಟ್ಟುಕೊಳ್ಳುತ್ತದೆ, ಮೆಮೊರಿಗೆ ಕಾವಲು ಕೂರುತ್ತದೆ.

ಆದರೆ ಮೊದಲು ಏನನ್ನೂ ಕಟ್ಟಬೇಡಿ. ಈಗಿರುವ ಪೈಥಾನನ್ನೇ ಹೈಫನ್ ಎಕ್ಸ್ ಡೆವ್ (-X dev) ಕೊಟ್ಟು ಓಡಿಸಿ. 3.7ರಿಂದ ಇದೆ. ಮೆಮೊರಿ ಕಾವಲು, ಫಾಲ್ಟ್‌ಹ್ಯಾಂಡ್ಲರ್ (ಕ್ರ್ಯಾಶ್ ಆದಾಗ ಪೈಥಾನ್ ಕಡೆಯ ಸಾಲು ತೋರಿಸುವುದು) ಎರಡೂ ಶುರುವಾಗುತ್ತವೆ.

ಗಂಜ್_ಹುಡುಗ

ಸರ್, ಓಡಿಸಿದೆ. ಪಟ್ಟಿ ಪೂರ್ತಿ ಬೇಕಾಗಲೇ ಇಲ್ಲ, ಮೊದಲ ಊರಿಗೇ ಬಿತ್ತು! ಪೈಥಾನ್ ಕಡೆ ಯಾವ ಸಾಲು ಅಂತಲೂ ತೋರಿಸಿತು. ಒಡೆದ ಪಟ್ಟಿಯನ್ನು ಪ್ರಿಂಟ್ ಮಾಡುವ ಸಾಲು ಅದು. ಜಿಡಿಬಿಯಲ್ಲಿ ನೋಡಿದರೆ ಆ ಆಬ್ಜೆಕ್ಟ್‌ನ ಟೈಪ್ ಪಾಯಿಂಟರ್ ಜಾಗದಲ್ಲಿ ಬರೀ ಡಿ. ಸೊನ್ನೆ ಎಕ್ಸ್ ಆದ ಮೇಲೆ ಸಾಲಾಗಿ ಹದಿನಾರು ಡಿ. ಇದೇನು?

ಹಳೇ_ಟರ್ಮಿನಲ್

ಅದು ಸಹಿ. ಬಿಟ್ಟುಕೊಟ್ಟ ಮೆಮೊರಿಯನ್ನು ಕಾವಲುಗಾರ ಡಿಡಿ ಅನ್ನುವ ಬೈಟ್‌ನಿಂದ ತುಂಬುತ್ತಾನೆ. ಹೊಸದಾಗಿ ಕೊಟ್ಟ, ಇನ್ನೂ ಏನೂ ಬರೆಯದ ಮೆಮೊರಿ ಸಿಡಿ. ತುಂಡಿನ ಹಿಂದೆ ಮುಂದೆ ಬೇಲಿ ಹಾಕುವುದು ಎಫ್‌ಡಿಯಿಂದ. ಬೇಲಿ ಕೆಟ್ಟಿದ್ದರೆ, ಬಿಟ್ಟುಕೊಡುವ ಹೊತ್ತಿಗೆ ಯಾರೋ ಗಡಿ ದಾಟಿ ಬರೆದಿದ್ದಾರೆ ಅಂತ ಹೇಳಿ ನಿಲ್ಲಿಸುತ್ತಾನೆ. 3.8ಕ್ಕಿಂತ ಮುಂಚೆ ಈ ಬೈಟ್‌ಗಳು ಡಿಬಿ, ಸಿಬಿ, ಎಫ್‌ಬಿ ಆಗಿದ್ದವು. ಹಳೇ ಲೇಖನ ಓದುವಾಗ ತಬ್ಬಿಬ್ಬಾಗಬೇಡಿ.

ಅಂದರೆ ನಿಮ್ಮ ಪಟ್ಟಿಯಲ್ಲಿರುವ ಅಕ್ಷರ ಆಗಲೇ ಸತ್ತಿದೆ. ಪಟ್ಟಿಗೆ ಸೇರಿಸುವ ಜಾಗದ ಕೋಡ್ ಹಾಕಿ.

ಗಂಜ್_ಹುಡುಗ

ಫೋನ್‌ನಿಂದ ಬರೆಯುತ್ತಿದ್ದೇನೆ, ಎಲ್ಲ ಕನ್ನಡದಲ್ಲೇ ಇದೆ, ಅರ್ಥ ಮಾಡಿಕೊಳ್ಳಿ:

ತುಂಡು = ಪೈಯೂನಿಕೋಡ್_ಸಬ್‌ಸ್ಟ್ರಿಂಗ್(ಪಠ್ಯ, ಶುರು, ಕೊನೆ);
ಪೈಲಿಸ್ಟ್_ಸೆಟ್‌ಐಟಮ್(ಪಟ್ಟಿ, ಎನ್, ತುಂಡು);
ಪೈ_ಡೆಕ್‌ರೆಫ್(ತುಂಡು);

ಹಳೇ_ಟರ್ಮಿನಲ್

ಮೂರನೇ ಸಾಲು. ಸೆಟ್‌ಐಟಮ್ ನಿಮ್ಮ ಕೈಯಲ್ಲಿರುವ ರೆಫರೆನ್ಸನ್ನು ತಾನೇ ತೆಗೆದುಕೊಳ್ಳುತ್ತದೆ. ಕೊಟ್ಟ ಮೇಲೆ ಅದು ಪಟ್ಟಿಯ ಸ್ವತ್ತು, ನಿಮ್ಮದಲ್ಲ. ಇಲ್ಲಿ ಕೊಟ್ಟು, ಮತ್ತೆ ಡೆಕ್‌ರೆಫ್ ಮಾಡಿದ್ದಾರೆ, ಅಂದರೆ ಎಣಿಕೆ ಒಂದು ಇಳಿಸಿದ್ದಾರೆ. ಎಣಿಕೆ ಸೊನ್ನೆ, ಆಬ್ಜೆಕ್ಟ್ ಹೋಯಿತು, ಪಟ್ಟಿ ಮಾತ್ರ ಹಳೇ ವಿಳಾಸ ಹಿಡಿದು ಕೂತಿದೆ. ಬರೆದವರನ್ನು ಬೈಯಬೇಡಿ. ಪೈಲಿಸ್ಟ್_ಅಪೆಂಡ್ ಬಳಸಿದ್ದರೆ ಈ ಮೂರು ಸಾಲೂ ಸರಿ ಇರುತ್ತಿದ್ದವು, ಯಾಕೆಂದರೆ ಅಪೆಂಡ್ ತನಗೆ ಬೇರೆ ರೆಫರೆನ್ಸ್ ಮಾಡಿಕೊಳ್ಳುತ್ತದೆ. ಯಾವಾಗಲೋ ಅಪೆಂಡ್ ತೆಗೆದು ಸೆಟ್‌ಐಟಮ್ ಹಾಕಿರಬೇಕು.

ಒಂದೇ ಅಕ್ಷರ ಎರಡು ಮೂರು ಕಡೆ ಬಂದದ್ದಕ್ಕೂ ಇದೇ ಕಾರಣ. ಚಿ ಇದ್ದ ಜಾಗ ಖಾಲಿಯಾಯಿತು. ಸ್ವಲ್ಪ ಹೊತ್ತಿಗೆ ಅಷ್ಟೇ ಗಾತ್ರದ ಪು ಬಂತು. ಪೈಥಾನ್‌ನ ಮೆಮೊರಿ ವ್ಯವಸ್ಥೆ ಈಗಷ್ಟೇ ಖಾಲಿಯಾದ ಜಾಗವನ್ನೇ ಮೊದಲು ಕೊಡುತ್ತದೆ. ಈಗ ಪಟ್ಟಿಯ ಎರಡು ಮನೆಗೂ ಒಂದೇ ವಿಳಾಸ.

ಇಂಗ್ಲಿಷ್‌ಗೆ ಯಾಕೆ ಬೀಳಲಿಲ್ಲ ಅನ್ನುವುದು ಇನ್ನೂ ಮಜಾ. ಎ, ಬಿ, ಸಿ ತರಹದ ಒಂಟಿ ಲ್ಯಾಟಿನ್ ಅಕ್ಷರಗಳನ್ನು ಪೈಥಾನ್ ಹೊಸದಾಗಿ ಮಾಡುವುದೇ ಇಲ್ಲ, ಮೊದಲೇ ಮಾಡಿ ಇಟ್ಟಿರುತ್ತದೆ. 3.12ರಿಂದ ಅವು ಅಮರ ಆಬ್ಜೆಕ್ಟ್‌ಗಳು. ಪೆಪ್ 683 (ಪೈಥಾನ್ ಬದಲಾವಣೆಯ ಪ್ರಸ್ತಾಪ) ಅಂತ ಹುಡುಕಿ. ಅವನ್ನು ಎಷ್ಟು ಸಲ ಡೆಕ್‌ರೆಫ್ ಮಾಡಿದರೂ ಎಣಿಕೆ ಅಲುಗುವುದಿಲ್ಲ. ನಿಮ್ಮ ಮಾಡ್ಯೂಲ್ ಇಂಗ್ಲಿಷ್ ಹೆಸರನ್ನು ಒಂದೊಂದೇ ಅಕ್ಷರವಾಗಿ ಒಡೆಯುತ್ತದೆ, ಹಾಗಾಗಿ ಅದರಲ್ಲಿ ತಪ್ಪು ಕಾಣಿಸಲು ಜಾಗವೇ ಇರಲಿಲ್ಲ. ಕನ್ನಡದ ರ ಪ್ರತಿ ಸಲ ಹೊಸ ಆಬ್ಜೆಕ್ಟ್, ಅದಕ್ಕೆ ಸಾವಿದೆ.

ಬಿದ್ರಿ_ಬೈಟ್ (ಬೀದರ್)

ಇದು ಗೊತ್ತೇ ಇರಲಿಲ್ಲ! ಟೆಸ್ಟ್ ಪಠ್ಯ ಕನ್ನಡದಲ್ಲೇ ಇರಬೇಕು ಅಂತ ಇನ್ನು ಮುಂದೆ ಹುಡುಗರಿಗೆ ಹೇಳಲು ಒಳ್ಳೆ ನೆಪ ಸಿಕ್ಕಿತು.

ಸೇಡಂ_ಶೆಲ್

ಸರಿ ಸರ್, ಒಪ್ಪಿದೆ. ಆದರೆ ಹೈಫನ್ ಎಕ್ಸ್ ಡೆವ್‌ನಲ್ಲೇ ಕಳ್ಳ ಸಿಕ್ಕನಲ್ಲ? ಮತ್ತೆ ಡೀಬಗ್ ಪೈಥಾನ್ ಕಟ್ಟಿಕೊಂಡು ಕೂರುವುದು ಯಾಕೆ? ಈ ಬಿಸಿಲಲ್ಲಿ ನನ್ನ ಲ್ಯಾಪ್‌ಟಾಪ್ ಫ್ಯಾನ್ ಹಾಗೇ ಕೂಗುತ್ತಿರುತ್ತದೆ, ಅದರ ಮೇಲೆ ಕರೆಂಟ್ ಬೇರೆ ಹೋಗಿ ಬಂದು ಮಾಡುತ್ತದೆ.

ಹಳೇ_ಟರ್ಮಿನಲ್

ಕಟ್ಟಬೇಕಾಗಿಯೇ ಇಲ್ಲ ರೀ. ಉಬುಂಟು, ಡೆಬಿಯನ್‌ನಲ್ಲಿ ಪೈಥಾನ್3-ಡಿಬಿಜಿ ಅಂತ ಪ್ಯಾಕೇಜ್ ಇದೆ, ಫೆಡೋರಾದಲ್ಲಿ ಪೈಥಾನ್3-ಡೀಬಗ್. ಪೈಎನ್ವ್ ಬಳಸುವವರು ಇನ್‌ಸ್ಟಾಲ್ ಮಾಡುವಾಗ ಡೀಬಗ್ ಆಯ್ಕೆ ಕೊಟ್ಟರೆ ಆಯಿತು, ಆದರೆ ಅದು ಕಟ್ಟಿಯೇ ಕಟ್ಟುತ್ತದೆ, ಫ್ಯಾನ್ ಕೂಗುತ್ತದೆ.

ಯಾಕೆ ಬೇಕು ಅಂದರೆ, ಡೆವ್ ಮೋಡ್ ನೋಡುವುದು ಮೆಮೊರಿಯನ್ನು. ನಿಯಮ ಮುರಿದದ್ದನ್ನು ಅದು ಅಷ್ಟಾಗಿ ನೋಡುವುದಿಲ್ಲ. ನಿಮ್ಮ ಫಂಕ್ಷನ್ ಒಳಗೆ ಎಕ್ಸೆಪ್ಶನ್ ಎದ್ದಿದೆ, ಆದರೂ ನೀವು ಉತ್ತರ ವಾಪಸ್ ಕೊಟ್ಟಿರಿ ಅಂದುಕೊಳ್ಳಿ. ಸಾಮಾನ್ಯ ಪೈಥಾನ್‌ನಲ್ಲಿ ಅದು ಸಿಸ್ಟಮ್‌ಎರರ್ ಆಗುತ್ತದೆ, ಮೇಲೆ ಯಾರೋ ಎಲ್ಲ ತಪ್ಪನ್ನೂ ಹಿಡಿಯುವ ಎಕ್ಸೆಪ್ಟ್ ಹಾಕಿದ್ದರೆ ನುಂಗಿ ಹೋಗುತ್ತದೆ. ಡೀಬಗ್ ಪೈಥಾನ್ ಅಲ್ಲೇ ಪ್ರಾಣ ಬಿಡುತ್ತದೆ. ನಮಗೆ ಬೇಕಾದದ್ದೂ ಅದೇ, ತಪ್ಪಾದ ಜಾಗದಲ್ಲೇ ಸಾಯಲಿ.

ಆಮೇಲೆ ಸೋರಿಕೆ. ಡೆಕ್‌ರೆಫ್ ಜಾಸ್ತಿ ಆದರೆ ಕ್ರ್ಯಾಶ್, ಕಡಿಮೆ ಆದರೆ ಸದ್ದೇ ಇಲ್ಲ, ಮೆಮೊರಿ ಮಾತ್ರ ಏರುತ್ತಾ ಹೋಗುತ್ತದೆ. ಡೀಬಗ್ ಪೈಥಾನ್‌ನಲ್ಲಿ ಸಿಸ್ ಮಾಡ್ಯೂಲ್‌ಗೆ ಗೆಟ್‌ಟೋಟಲ್‌ರೆಫ್‌ಕೌಂಟ್ ಅಂತ ಒಂದು ಫಂಕ್ಷನ್ ಬರುತ್ತದೆ, ಸಾಮಾನ್ಯದರಲ್ಲಿ ಇಲ್ಲ. ನಿಮ್ಮ ಫಂಕ್ಷನನ್ನು ಒಂದು ಲೂಪ್‌ನಲ್ಲಿ ಸಾವಿರ ಸಲ ಕರೆಯಿರಿ, ಮೊದಲೂ ಕೊನೆಗೂ ಆ ಸಂಖ್ಯೆ ನೋಡಿ. ಸಾವಿರದಷ್ಟು ಏರಿದ್ದರೆ ಪ್ರತಿ ಕರೆಗೂ ಒಂದು ರೆಫರೆನ್ಸ್ ಸೋರುತ್ತಿದೆ. ಐದೋ ಹತ್ತೋ ಏರಿದರೆ ಚಿಂತೆ ಬೇಡ.

ಗಂಜ್_ಹುಡುಗ

ಡಿಬಿಜಿ ಪ್ಯಾಕೇಜ್ ಹಾಕಿದೆ ಸರ್. ನನ್ನ ಮಾಡ್ಯೂಲ್ ಮತ್ತೆ ಕಂಪೈಲ್ ಮಾಡದೆಯೇ ಇಂಪೋರ್ಟ್ ಆಯಿತು. ಡೀಬಗ್‌ಗೆ ಬೇರೆ, ರಿಲೀಸ್‌ಗೆ ಬೇರೆ ಬೇಕು ಅಂತ ಎಲ್ಲೋ ಓದಿದ್ದೆ?

ಹಳೇ_ಟರ್ಮಿನಲ್

ಎಲ್ಲರೂ ಬೀಳುವ ಗುಂಡಿ ಇದೇ, ಸ್ವಲ್ಪ ನಿಧಾನವಾಗಿ ಓದಿ.

3.8 ಬರುವ ತನಕ ನೀವು ಓದಿದ್ದು ನಿಜ. ಡೀಬಗ್ ಪೈಥಾನ್‌ನಲ್ಲಿ ಪ್ರತಿ ಆಬ್ಜೆಕ್ಟ್‌ಗೂ ಹಿಂದಿನದು ಮುಂದಿನದು ಅಂತ ಎರಡು ಪಾಯಿಂಟರ್ ಹೆಚ್ಚಿಗೆ ಇರುತ್ತಿದ್ದವು. ರಚನೆಯೇ ಬೇರೆ, ಹಾಗಾಗಿ ನಂಪೈ (ಲೆಕ್ಕಾಚಾರದ ಲೈಬ್ರರಿ) ಸೇರಿ ಎಲ್ಲವನ್ನೂ ಮತ್ತೆ ಕಟ್ಟಬೇಕಿತ್ತು. ಜನ ಡೀಬಗ್ ಪೈಥಾನ್ ಕಡೆ ತಲೆ ಹಾಕದೆ ಇದ್ದದ್ದು ಇದಕ್ಕೇ. 2019ರಲ್ಲಿ ಬಂದ 3.8ರಲ್ಲಿ ಅದನ್ನು ಬೇರೆ ಮಾಡಿ, ವಿತ್-ಟ್ರೇಸ್-ರೆಫ್ಸ್ ಅನ್ನುವ ಪ್ರತ್ಯೇಕ ಆಯ್ಕೆಯ ಕೆಳಗೆ ಇಟ್ಟರು. ಅಂದಿನಿಂದ ಲಿನಕ್ಸ್‌ನಲ್ಲಿ ಡೀಬಗ್ ಪೈಥಾನ್ ರಿಲೀಸ್ ಮಾಡ್ಯೂಲನ್ನೂ ಲೋಡ್ ಮಾಡುತ್ತದೆ. ಪಿಪ್‌ನಿಂದ ಬಂದ ಸಿದ್ಧ ವೀಲ್ (ಮೊದಲೇ ಕಟ್ಟಿಟ್ಟ ಪ್ಯಾಕೇಜ್) ಕೂಡ ನಡೆಯುತ್ತದೆ. ದೊಡ್ಡ ಉಪಕಾರ.

ಆದರೆ ಉಪಕಾರದ ಜೊತೆಗೇ ತೊಂದರೆ. ಪೈಥಾನ್ ಹೆಡರ್‌ನಲ್ಲಿರುವ ಪೈ_ಇನ್‌ಕ್ರೆಫ್, ಪೈ_ಡೆಕ್‌ರೆಫ್, ಪೈಲಿಸ್ಟ್_ಸೆಟ್_ಐಟಮ್ ಅನ್ನುವ ದೊಡ್ಡಕ್ಷರದ ಮ್ಯಾಕ್ರೊ, ಪೈಯೂನಿಕೋಡ್_ರೀಡ್ ಇವೆಲ್ಲ ನಿಮ್ಮ ಮಾಡ್ಯೂಲ್ ಒಳಗೇ ಅಚ್ಚಾಗುತ್ತವೆ. ಅವುಗಳಲ್ಲೂ ಅಸರ್ಟ್‌ಗಳಿವೆ. ಇಂಡೆಕ್ಸ್ ಸೊನ್ನೆಗಿಂತ ಕಡಿಮೆಯಾ, ಪಟ್ಟಿಯ ಗಡಿ ದಾಟಿತಾ ಅಂತ ನೋಡುತ್ತವೆ. ನಿಮ್ಮ ಮಾಡ್ಯೂಲ್ ಎನ್‌ಡೀಬಗ್ ಜೊತೆ ಕಂಪೈಲ್ ಆಗಿದ್ದರೆ ಆ ಅಸರ್ಟ್‌ಗಳು ಅದರಲ್ಲಿ ಇಲ್ಲವೇ ಇಲ್ಲ. ಹೊರಗಿನ ಇಂಟರ್‌ಪ್ರಿಟರ್ ಎಷ್ಟೇ ಡೀಬಗ್ ಆಗಿರಲಿ, ಅವು ವಾಪಸ್ ಬರುವುದಿಲ್ಲ. ಒಟ್ಟು ರೆಫರೆನ್ಸ್ ಎಣಿಕೆಯೂ ಸುಳ್ಳು ಹೇಳುತ್ತದೆ, ಯಾಕೆಂದರೆ ನಿಮ್ಮ ಮಾಡ್ಯೂಲ್ ಒಳಗೆ ಆದ ಇನ್‌ಕ್ರೆಫ್ ಅದರ ಲೆಕ್ಕಕ್ಕೇ ಬರುವುದಿಲ್ಲ. ಅಡತ್ ಅಂಗಡಿಯವರಿಗೆ ಹೀಗೆ ಹೇಳಿದರೆ ತಿಳಿಯುತ್ತದೆ: ಗಂಜ್‌ನ ಮುಖ್ಯ ವೇಬ್ರಿಡ್ಜ್ ಸರಿ ಇದೆ, ನಿಮ್ಮ ಅಂಗಡಿಯ ತಕ್ಕಡಿಯ ತೂಕ ಅದರ ಪುಸ್ತಕಕ್ಕೆ ಏರುತ್ತಿಲ್ಲ.

ಹಾಗಾಗಿ ಇಂಪೋರ್ಟ್ ಆಯಿತು ಅಂತ ಖುಷಿಪಡಬೇಡಿ. ಬಿಲ್ಡ್ ಫೋಲ್ಡರ್ ಅಳಿಸಿ, ಡೀಬಗ್ ಪೈಥಾನ್‌ನಿಂದಲೇ ವೆನ್ವ್ (ಪ್ರತ್ಯೇಕ ಪೈಥಾನ್ ಪರಿಸರ) ಮಾಡಿ, ಅದರೊಳಗೆ ನಿಮ್ಮ ಮಾಡ್ಯೂಲ್ ಕಟ್ಟಿ. ಆಮೇಲೆ ಮಾಡ್ಯೂಲ್‌ನ ಫೈಲ್ ಹೆಸರು ಪ್ರಿಂಟ್ ಮಾಡಿ ನೋಡಿ. ಸಿಪೈಥಾನ್-312ಡಿ ಅಂತ, ಕೊನೆಯಲ್ಲಿ ಡಿ ಇರಬೇಕು. ಬರೀ 312 ಇದ್ದರೆ ಹಳೆಯದೇ ಓಡುತ್ತಿದೆ. ಸಿಎಫ್‌ಲ್ಯಾಗ್ಸ್‌ನಲ್ಲಿ ಹೈಫನ್ ಓ0 ಹೈಫನ್ ಜಿ ಕೂಡ ಕೊಟ್ಟುಬಿಡಿ, ಜಿಡಿಬಿಯಲ್ಲಿ ಎಲ್ಲ ವೇರಿಯಬಲ್ ಕಾಣಲಿ. ಪೈ-ಬಿಟಿ ಅಂದರೆ ಸಿ ಸಾಲುಗಳ ಬದಲು ಪೈಥಾನ್ ಕಡೆಯ ಕರೆಗಳ ಸಾಲು ಬರುತ್ತದೆ. ಅದೊಂದು ಕಲಿತರೆ ಅರ್ಧ ಕೆಲಸ ಹಗುರ.

ಹುಮನಾಬಾದ್_ಹೋಸ್ಟ್

ಪಿಎಚ್‌ಪಿಯಲ್ಲಿ ಈ ಮೋಸ ಇಲ್ಲ ನೋಡಿ. ಎನೇಬಲ್-ಡೀಬಗ್ ಜೊತೆ ಕಟ್ಟಿದ ಪಿಎಚ್‌ಪಿ, ರಿಲೀಸ್ ಎಕ್ಸ್‌ಟೆನ್ಶನನ್ನು ಬಾಗಿಲಲ್ಲೇ ತಡೆಯುತ್ತದೆ. ಬಿಲ್ಡ್ ಐಡಿ ಹೊಂದಲಿಲ್ಲ ಅಂತ ಮುಖಕ್ಕೇ ಹೇಳುತ್ತದೆ. ಕೊನೆಯಲ್ಲಿ ಯಾವ ಫೈಲ್‌ನ ಯಾವ ಸಾಲಲ್ಲಿ ತೆಗೆದುಕೊಂಡ ಮೆಮೊರಿ ವಾಪಸ್ ಬಂದಿಲ್ಲ ಅಂತ ಪಟ್ಟಿಯನ್ನೂ ಕೊಡುತ್ತದೆ.

ಹಳೇ_ಟರ್ಮಿನಲ್

ಹೌದು, ಆ ಪಟ್ಟಿ ಚೆನ್ನಾಗಿದೆ. ರೂಬಿಯವರಿಗೆ ಜಿಸಿ ಸ್ಟ್ರೆಸ್ ಇದೆ, ಸಿಕ್ಕ ಸಿಕ್ಕ ಅವಕಾಶದಲ್ಲೆಲ್ಲ ಕಸ ಗುಡಿಸಿಬಿಡುತ್ತದೆ. ಸಿ ಕೋಡ್‌ನಲ್ಲಿ ಯಾವುದಾದರೂ ಆಬ್ಜೆಕ್ಟನ್ನು ಸರಿಯಾಗಿ ಹಿಡಿದುಕೊಂಡಿಲ್ಲ ಅಂದರೆ ಬೇಗ ಬೀಳುತ್ತದೆ. ಲುವಾದಲ್ಲಿ ಎಪಿಐಚೆಕ್ ಹಾಕಿ ಕಟ್ಟಬಹುದು.

ಬಿದ್ರಿ_ಬೈಟ್

ಸರ್, ವಿಂಡೋಸ್ ಕಥೆ ಹೇಳಿ. ನಮ್ಮ ಲ್ಯಾಬ್‌ನಲ್ಲಿ ವಿಷುವಲ್ ಸ್ಟುಡಿಯೋ ಇದೆ. ಹುಡುಗರು ಮೇಲಿನ ಪಟ್ಟಿಯಲ್ಲಿ ಡೀಬಗ್ ಅಂತ ಆರಿಸುತ್ತಾರೆ, ಲಿಂಕ್ ಆಗುವಾಗ ಪೈಥಾನ್312_ಡಿ ಲಿಬ್ ಸಿಗಲಿಲ್ಲ ಅಂತ ಎರರ್. ನಾವು ಆ ಹೆಸರನ್ನು ಎಲ್ಲೂ ಬರೆದಿಲ್ಲ. ಎಲ್ಲಿಂದ ಬಂತು?

ಹಳೇ_ಟರ್ಮಿನಲ್

ಅಕ್ಕಾ, ಅದನ್ನು ಬರೆದದ್ದು ಪೈಥಾನ್ ಹೆಡರ್. ವಿಷುವಲ್ ಸ್ಟುಡಿಯೋ ಡೀಬಗ್ ಅಂದರೆ ಅಂಡರ್‌ಸ್ಕೋರ್ ಡೀಬಗ್ ಅನ್ನುವ ಮ್ಯಾಕ್ರೊ ಇಡುತ್ತದೆ. ಪೈಕಾನ್ಫಿಗ್ ಹೆಡರ್ ಅದನ್ನು ನೋಡಿ, ಓ ಇವರಿಗೆ ಡೀಬಗ್ ಪೈಥಾನ್ ಬೇಕು ಅಂತ _ಡಿ ಇರುವ ಲಿಬ್ ಕೇಳುತ್ತದೆ.

ಎರಡು ದಾರಿ. ಪೈಥಾನ್ ಇನ್‌ಸ್ಟಾಲರ್‌ನಲ್ಲಿ ಮುಂದುವರಿದ ಆಯ್ಕೆಗಳ ಪುಟದಲ್ಲಿ ಡೀಬಗ್ ಬೈನರಿ ಇಳಿಸು ಅಂತ ಒಂದು ಟಿಕ್ ಇದೆ. ಹಾಕಿದರೆ ಪೈಥಾನ್_ಡಿ ಬರುತ್ತದೆ. ಆದರೆ ವಿಂಡೋಸ್‌ನಲ್ಲಿ ಲಿನಕ್ಸ್‌ನ ಉಪಕಾರ ಇಲ್ಲ. ಪೈಥಾನ್_ಡಿ ಹೆಸರಿನ ಕೊನೆಗೆ _ಡಿ ಇರುವ ಪಿವೈಡಿ (ವಿಂಡೋಸ್‌ನ ಪೈಥಾನ್ ಮಾಡ್ಯೂಲ್) ಫೈಲ್‌ಗಳನ್ನೇ ಹುಡುಕುತ್ತದೆ, ಮೈಕ್ರೋಸಾಫ್ಟ್‌ನ ಸಿ ರನ್‌ಟೈಮ್ ಕೂಡ ಡೀಬಗ್‌ನದ್ದೇ ಬೇರೆ. ಪಿಪ್‌ನಿಂದ ಬಂದ ನಂಪೈ ಅದರಲ್ಲಿ ಓಡುವುದಿಲ್ಲ. ನಿಮ್ಮ ಹುಡುಗರ ಮಾಡ್ಯೂಲ್ ಬೇರೆ ಏನನ್ನೂ ನೆಚ್ಚಿಕೊಂಡಿಲ್ಲ ಅಂದರೆ ಈ ದಾರಿ ಚೆನ್ನ.

ನಂಪೈ ಬೇಕೇ ಬೇಕು ಅಂದರೆ ಡೀಬಗ್ ಕಾನ್ಫಿಗರೇಶನ್ ಬಿಡಿ. ರಿಲೀಸ್ ಇಟ್ಟುಕೊಂಡು ಆಪ್ಟಿಮೈಸೇಶನ್ ತೆಗೆಯಿರಿ, ಸಿಂಬಲ್ ಇರಲಿ, ಎನ್‌ಡೀಬಗ್ ತೆಗೆಯಿರಿ. ಸಾಮಾನ್ಯ ಪೈಥಾನನ್ನು ಹೈಫನ್ ಎಕ್ಸ್ ಡೆವ್‌ನಲ್ಲಿ ಓಡಿಸಿ. ಮೂರರಲ್ಲಿ ಎರಡು ಸ್ವಿಚ್ ನಿಮ್ಮ ಕೈಲಿ ಇದ್ದ ಹಾಗಾಯಿತು. ಕೆಲವರು ಪೈಥಾನ್ ಹೆಡರ್ ಸೇರಿಸುವ ಮುಂಚೆ ಅಂಡರ್‌ಸ್ಕೋರ್ ಡೀಬಗನ್ನು ಅನ್‌ಡೆಫ್ ಮಾಡಿ ಆಮೇಲೆ ವಾಪಸ್ ಇಡುತ್ತಾರೆ. ನಡೆಯುತ್ತದೆ, ಆದರೆ ನಾನು ಹುಡುಗರಿಗೆ ಮೊದಲ ದಿನವೇ ಅದನ್ನು ಕಲಿಸುವುದಿಲ್ಲ.

ಭೀಮಾ_ದಂಡೆ (ಯಾದಗಿರಿ)

ನಾನೂ ಸುಮ್ನೆ ಓದುತ್ತಿದ್ದೆ, ನಮ್ಮದರಲ್ಲೂ ಡೆವ್ ಹಾಕಿ ನೋಡಿದೆ. ಎಲೆಕ್ಟ್ರಾನಿಕ್ ತೂಕದ ಯಂತ್ರದಿಂದ ಸೀರಿಯಲ್ ಪೋರ್ಟ್‌ನಲ್ಲಿ ತೂಕ ಓದುವ ಸಿ ಮಾಡ್ಯೂಲ್. ಹಿಂದೆ ಒಂದು ಸಿ ಥ್ರೆಡ್ ಓದುತ್ತಾ ಪೈಥಾನ್ ಪಟ್ಟಿಗೆ ಅಪೆಂಡ್ ಮಾಡುತ್ತದೆ. ವರ್ಷದಿಂದ ಚೆನ್ನಾಗಿ ನಡೆದಿದೆ. ಈಗ ಶುರು ಮಾಡಿದ ತಕ್ಷಣ ಫೇಟಲ್ ಎರರ್: ಜಿಐಎಲ್ (ಒಮ್ಮೆಗೆ ಒಂದೇ ಥ್ರೆಡ್‌ಗೆ ಪೈಥಾನ್ ಮುಟ್ಟಲು ಬಿಡುವ ಬೀಗ) ಹಿಡಿಯದೆ ಮೆಮೊರಿ ಕೇಳಿದ್ದೀರಿ ಅನ್ನುತ್ತದೆ. ಚೆನ್ನಾಗಿದ್ದದ್ದನ್ನು ನಾನೇ ಕೆಡಿಸಿದೆನಾ?

ಹಳೇ_ಟರ್ಮಿನಲ್

ನೀವು ಏನೂ ಕೆಡಿಸಿಲ್ಲ ರೀ, ಇಷ್ಟು ದಿನ ಅದೃಷ್ಟ ನಡೆಸಿದೆ. ಪೈಥಾನ್ ಪಟ್ಟಿಯನ್ನು ಮುಟ್ಟುವ ಮುಂಚೆ ಪೈಜಿಐಎಲ್‌ಸ್ಟೇಟ್_ಎನ್ಶೂರ್, ಮುಟ್ಟಿದ ಮೇಲೆ ರಿಲೀಸ್. ಪೋರ್ಟ್‌ಗಾಗಿ ಕಾಯುವಾಗ ಮಾತ್ರ ಹಿಡಿದುಕೊಂಡು ಕೂರಬೇಡಿ, ಪ್ರೋಗ್ರಾಂ ಪೂರ್ತಿ ನಿಂತುಬಿಡುತ್ತದೆ. ಓದುವುದು ಹೊರಗೆ, ಅಪೆಂಡ್ ಒಳಗೆ.

ಗಂಜ್_ಹುಡುಗ

ಸರ್, ಮೂರನೇ ಸಾಲು ತೆಗೆದೆ, 312ಡಿ ಇದೆ ಅಂತ ನೋಡಿಕೊಂಡೆ. ಕ್ರ್ಯಾಶ್ ಹೋಯಿತು. ಆದರೆ ಹೊಸ ವಿಚಿತ್ರ. ದೀರ್ಘವನ್ನು ಹ್ರಸ್ವ ಮಾಡಿ, ಒತ್ತು ತೆಗೆದು ಹೋಲಿಕೆಗೆ ಒಂದು ಸಾದಾ ರೂಪ ಮಾಡುವ ಫಂಕ್ಷನ್ ಇದೆ. ಅದರ ಉತ್ತರದ ಕೊನೆಯಲ್ಲಿ ಒಂದು ಕೊರಿಯನ್ ಅಕ್ಷರ ಬರುತ್ತಿದೆ! ಚಿತಪುರ ಆದ ಮೇಲೆ ಕೊರಿಯನ್. ಸಾಮಾನ್ಯ ಪೈಥಾನ್‌ನಲ್ಲಿ ಅದು ಕಾಣುವುದಿಲ್ಲ, ಆದರೆ ಅಲ್ಲೂ ಎರಡು ಹೆಸರು ಸಮ ಅಂತ ಬರದೆ ಸತಾಯಿಸುತ್ತಿತ್ತು.

ಸೇಡಂ_ಶೆಲ್

ಕೊರಿಯಾದವರು ತೊಗರಿ ಕೊಳ್ಳಲು ಬಂದಿರಬೇಕು 😄

ಹಳೇ_ಟರ್ಮಿನಲ್

😄 ಆ ಫಂಕ್ಷನ್ ಪೈಮೆಮ್_ಮ್ಯಾಲಕ್‌ನಿಂದ ಎರಡೆರಡು ಬೈಟ್‌ನ ಬಫರ್ ತೆಗೆದುಕೊಂಡು, ತುಂಬಿ, ಫ್ರಮ್‌ಕೈಂಡ್‌ಅಂಡ್‌ಡೇಟಾಗೆ ಕೊಡುತ್ತಿರಬೇಕು, ಅಲ್ವಾ? ಹೊಸ ಮೆಮೊರಿಯಲ್ಲಿ ಸಿಡಿ ತುಂಬಿರುತ್ತದೆ ಅಂದೆ. ಎರಡು ಬೈಟ್ ಸೇರಿದರೆ ಸಿಡಿಸಿಡಿ. ಯೂನಿಕೋಡ್‌ನಲ್ಲಿ ಆ ಸಂಖ್ಯೆಯ ಜಾಗದಲ್ಲಿ ಇರುವುದು ಕೊರಿಯನ್ ಹಂಗುಲ್‌ನ ಒಂದು ಅಕ್ಷರ. ಅಂದರೆ ಬರೆಯದೆ ಬಿಟ್ಟ ಒಂದು ಮನೆಯನ್ನೂ ಉದ್ದದಲ್ಲಿ ಸೇರಿಸಿ ಕೊಟ್ಟಿದ್ದಾರೆ. ಸಾಮಾನ್ಯ ಪೈಥಾನ್‌ನಲ್ಲಿ ಅಲ್ಲಿ ಸೊನ್ನೆಯೋ ಇನ್ನೇನೋ ಇರುತ್ತಿತ್ತು, ಕಣ್ಣಿಗೆ ಕಾಣುವುದಿಲ್ಲ, ಹೋಲಿಕೆಗೆ ಮಾತ್ರ ಅಡ್ಡ ಬರುತ್ತದೆ. ಬಿಟ್ಟುಕೊಟ್ಟ ಬಫರ್ ಆಗಿದ್ದರೆ ಡಿಡಿಡಿಡಿ ಇರುತ್ತಿತ್ತು, ಅದು ಒಂಟಿ ಸರೋಗೇಟ್ (ಜೋಡಿ ಸಂಕೇತದ ಅರ್ಧ, ತಾನೇ ಅಕ್ಷರ ಅಲ್ಲ), ಪ್ರಿಂಟ್ ಮಾಡಲು ಹೋದರೆ ಯೂನಿಕೋಡ್‌ಎನ್‌ಕೋಡ್‌ಎರರ್.

ಒತ್ತು ತೆಗೆದಾಗಲೂ ಉದ್ದದ ಎಣಿಕೆ ಇಳಿಯುತ್ತದೆಯಾ ನೋಡಿ.

ಗಂಜ್_ಹುಡುಗ

ಅದೇ ಸರ್. ಒತ್ತಿನ ಮುಂಚಿನ ವಿರಾಮ (ಹಲಂತ) ಸಂಕೇತ ಬಿಟ್ಟಾಗ ಇಳಿಸುತ್ತಿದೆ, ಅದರ ಹಿಂದೆಯೇ ಬಿಡುವ ವ್ಯಂಜನಕ್ಕೆ ಇಳಿಸುತ್ತಿಲ್ಲ. ಒತ್ತಕ್ಷರ ಇಲ್ಲದ ಯಾದಗಿರಿಗೆ ತೊಂದರೆ ಇರಲಿಲ್ಲ, ಚಿತ್ತಾಪುರಕ್ಕೆ ಮಾತ್ರ. ಸರಿ ಮಾಡಿದೆ. ಈಗ ಅಂಗಡಿಯ ಕಂಪ್ಯೂಟರಿಗೂ ಡೀಬಗ್‌ನದ್ದನ್ನೇ ಹಾಕಿಬಿಡಲಾ, ಮುಂದೆ ಏನಾದರೂ ಆದರೆ ಗೊತ್ತಾಗಲಿ ಅಂತ?

ಹಳೇ_ಟರ್ಮಿನಲ್

ಬೇಡವೇ ಬೇಡ. ನಿಧಾನ ಆಗುತ್ತದೆ, ಗ್ರಾಹಕರು ಕ್ಯೂನಲ್ಲಿ ನಿಂತಾಗ ಅಸರ್ಟ್ ಬಿದ್ದು ಪ್ರೋಗ್ರಾಂ ಮುಚ್ಚಿಕೊಂಡರೆ ನಿಮ್ಮ ಗತಿ? ವೇಗ ಅಳೆಯುವುದನ್ನೂ ಡೀಬಗ್‌ನಲ್ಲಿ ಮಾಡಬೇಡಿ. ಅಂಗಡಿಗೆ ರಿಲೀಸ್ ಬಿಲ್ಡ್ ಕೊಡಿ, ಅದರಲ್ಲಿ ಹೈಫನ್ ಜಿ ಇರಲಿ, ಫಾಲ್ಟ್‌ಹ್ಯಾಂಡ್ಲರ್ ಆನ್ ಇರಲಿ. ಡೀಬಗ್ ಪೈಥಾನ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿರಲಿ, ಅದರಲ್ಲೇ ಎಲ್ಲ ಟೆಸ್ಟ್ ಓಡಲಿ, ಊರ ಹೆಸರು ಕನ್ನಡದಲ್ಲೇ ಇರಲಿ.

ಬಿದ್ರಿ_ಬೈಟ್

ಗಂಜ್‌ನವರೇ, ಆ ಊರ ಹೆಸರುಗಳ ಟೆಸ್ಟ್ ಪಟ್ಟಿ ಹಂಚಿಕೊಳ್ಳಲು ಆಗುತ್ತದಾ? ರೈತರ ಹೆಸರು ಬೇಡ, ಊರು ಮಾತ್ರ. ಔರಾದ್, ಭಾಲ್ಕಿ, ಬಸವಕಲ್ಯಾಣ ಕಡೆಯ ರೂಪಗಳನ್ನು ನಮ್ಮ ಹುಡುಗರಿಂದ ಸೇರಿಸಿಸುತ್ತೇನೆ.

ಗಂಜ್_ಹುಡುಗ

ಖಂಡಿತ ಅಕ್ಕಾ. ಮಾಲೀಕರನ್ನು ಕೇಳಿ ಸೋಮವಾರ ಹಾಕುತ್ತೇನೆ.